ಉಣ್ಣಲು ಕುಳಿತವರನ್ನು ಎಬ್ಬಿಸಬಾರದು

ಹೊರಗೆ ಹಾರನ್ ಶುರುವಾಯಿತೆಂದರೆ ಸೂಗಮ್ಮ ಒಲೆಯ ಮೇಲೆ ಇನ್ನೊಂದು ಎಸರು ಇಡುತ್ತಿದ್ದಳು. ಒಂದೇ ಲಾರಿಯ ಹಾರನ್ ಆದರೆ ತಲೆ ಎತ್ತುತ್ತಿರಲಿಲ್ಲ. ಎರಡು ಮೂರು ಕೂಡಿ, ನಡುವೆ ಬಸ್ಸಿನದೂ ಸೇರಿ, ಬಿಡದೆ ಅರಚತೊಡಗಿದರೆ ಮಾತ್ರ, "ಸಿಕ್ಕೊಂಡ್ವು ನೋಡು" ಎಂದು ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕುತ್ತಿದ್ದಳು. ರಸ್ತೆ ನಿಂತರೆ ಡ್ರೈವರುಗಳು ಇಳಿಯುತ್ತಾರೆ. ಇಳಿದವರಿಗೆ ಹಸಿವು ನೆನಪಾಗುತ್ತದೆ. ಹಸಿದವರಿಗೆ ತುಮ್ಮಲಕುಂಟದಲ್ಲಿ ಬಿಸಿ ರೊಟ್ಟಿ ಸಿಗುವುದು ಒಂದೇ ಕಡೆ.

ಹೈದರಾಬಾದು ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಪಶ್ಚಿಮಕ್ಕೆ ಬರುವ ಊರು ತುಮ್ಮಲಕುಂಟ. ಕರ್ನಾಟಕದ ಕಡೆಯಿಂದ ಬೇಗಂ ಬಜಾರಿಗೆ ತೊಗರಿಬೇಳೆ ಹೊತ್ತು ಬರುವ ಲಾರಿಗಳು, ಕಲ್ಲು ಗಣಿಯ ಟಿಪ್ಪರುಗಳು, ಬಸ್ಸು, ಕಾಲೇಜಿನ ವ್ಯಾನು, ಎಮ್ಮೆ, ಮದುವೆ ಮೆರವಣಿಗೆ, ಎಲ್ಲಕ್ಕೂ ಊರ ನಡುವಿನ ಒಂದೇ ರಸ್ತೆ. ಆ ಕಡೆಯ ಊರಿಗೆ ಬೈಪಾಸ್ ಬಂತು, ಈ ಕಡೆಯ ಊರಿಗೂ ಬಂತು. ತುಮ್ಮಲಕುಂಟಕ್ಕೆ ಮಾತ್ರ ಬರಲಿಲ್ಲ. ಶಾಲೆಯ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಟಿಪ್ಪರುಗಳ ನಡುವೆ ದಾಟುತ್ತಿದ್ದರು. ರಸ್ತೆ ಬದಿಯ ಮನೆಯವರು ಒಣಹಾಕಿದ ಬಟ್ಟೆಯನ್ನು ಇನ್ನೊಮ್ಮೆ ಜಾಡಿಸದೆ ಉಡುತ್ತಿರಲಿಲ್ಲ. ಬೈದುಕೊಳ್ಳುವುದು, ದಾಟುವುದು, ಮರುದಿನ ಮತ್ತೆ ಬೈದುಕೊಳ್ಳುವುದು ಊರಿಗೆ ರೂಢಿಯಾಗಿ ಹೋಗಿತ್ತು.

ಸೂಗಮ್ಮನ ಖಾನಾವಳಿಗೆ ಬೋರ್ಡು ಇರಲಿಲ್ಲ, ಆದರೆ ಒಂದು ನಿಯಮವಿತ್ತು. ಉಣ್ಣಲು ಕುಳಿತವರನ್ನು ಎಬ್ಬಿಸಬಾರದು. ಸೇಡಂ ಕಡೆಯಿಂದ ಬಂದು ಇಲ್ಲಿ ಒಲೆ ಹೂಡಿದ ಅವಳ ಅತ್ತೆ ಹಾಕಿಕೊಟ್ಟ ನಿಯಮ ಅದು. ತಾಟಿನ ಮುಂದಿನಿಂದ ಮನುಷ್ಯನನ್ನು ಎಬ್ಬಿಸಿದರೆ ಆ ಮನೆಯ ಅನ್ನಕ್ಕೆ ಶಾಪ ತಟ್ಟುತ್ತದೆ ಎನ್ನುತ್ತಿದ್ದಳು ಮುದುಕಿ. ಅವಳ ಕಾಲದಲ್ಲಿ ಜಗಳಕ್ಕೆ ಬಂದವನೂ ಊಟ ಮುಗಿಯುವ ತನಕ ಕಟ್ಟೆಯ ಮೇಲೆ ಕುಳಿತು ಕಾಯಬೇಕಿತ್ತು. ಒಮ್ಮೆ ಟ್ರಾಫಿಕ್ ಪೊಲೀಸನೊಬ್ಬ ಲಾಠಿ ಕುಟ್ಟುತ್ತ ಬಂದು ಬಾಗಿಲ ಮುಂದಿನ ಲಾರಿಗಳನ್ನು ತೆಗೆಸಲು ಹೇಳಿದಾಗ, "ಉಂಡ ಮ್ಯಾಲ ತೆಗೀತಾರ. ನೀವೂ ಹಸ್ದೀರಿ, ಕುಂದರ್ರಿ" ಎಂದು ಸೂಗಮ್ಮ ಅವನ ಮುಂದೆಯೂ ತಾಟು ಇಟ್ಟಿದ್ದಳು. ಅವನೂ ಕುಳಿತ. ಅವನನ್ನೂ ಯಾರೂ ಎಬ್ಬಿಸಲಿಲ್ಲ.

ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯಲು ಬರುವ ವತ್ಸಲಾ ಸೆರಗು ಸಿಕ್ಕಿಸಿಕೊಳ್ಳುತ್ತಲೇ ಸುದ್ದಿ ಹೇಳಿದಳು.

"ಅಕ್ಕಾರ, ನಿಮ್ಮ ಮೈದುನರ ಹೊಲದಾಗ ಸರ್ವೇ ಕಲ್ಲು ನೆಟ್ಟಾರಂತ್ರಿ. ಬೈಪಾಸ್ ಅದರ ಮಗ್ಗಲದಿಂದನ ಹೋಗ್ತೈತಂತ. ನಿನ್ನೆ ಸಿಟಿಯಿಂದ ಕಾರು ತಗೊಂಡು ಯಾರೋ ಬಂದು, ಹೊಲ ಕೊಡ್ತೀರೇನು ಅಂತ ಕೇಳಿ ಹೋದ್ರಂತ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಸೂಗಮ್ಮನ ಕೈಯ ರೊಟ್ಟಿ ಹೊತ್ತಿದ್ದನ್ನು ವತ್ಸಲಾ ಅಲ್ಲಿಯ ತನಕ ನೋಡಿರಲಿಲ್ಲ.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ತಾನೇ ಬೇಡ ಎಂದು ಎಸೆದದ್ದು ಇನ್ನೊಬ್ಬರ ಕೈಯಲ್ಲಿ ಬಂಗಾರವಾದರೆ ಹುಟ್ಟುವ ಹೊಟ್ಟೆಕಿಚ್ಚಿಗಂತೂ ಖಂಡಿತ ಇಲ್ಲ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದಾಗ ಇದ್ದದ್ದು ಎರಡೇ ಆಸ್ತಿ. ರಸ್ತೆಗೆ ಮುಖ ಮಾಡಿದ ಈ ಮನೆ ಮತ್ತು ಕೆರೆಯ ಆಚೆಗಿನ ಕಲ್ಲು ಹೊಲ. ಅಮರೇಶಪ್ಪ ಬಾಯಿ ಬಿಡುವ ಮೊದಲೇ ಅವನ ಹೆಂಡತಿ ಸೂಗಮ್ಮ, "ಹಿರೇರಿಗೆ ರಸ್ತಾದ ಮನಿ" ಎಂದಿದ್ದಳು. ತಮ್ಮ ಕಲ್ಯಾಣಪ್ಪ ತಲೆಯಾಡಿಸಿದ. ಅವನ ಹೆಂಡತಿ ಗದಿಗೆಮ್ಮ ಆಗ ಹೊಸ ಮದುವಣಗಿತ್ತಿ, ನೆಲ ನೋಡುತ್ತ ನಿಂತಿದ್ದಳು. "ಕಲ್ಲು ಬೆಳೀತೈತಿ ಅಲ್ಲಿ, ಚಂದಂಗೆ ರಾಶಿ ಮಾಡ್ರಿ" ಎಂದು ಸೂಗಮ್ಮ ನಕ್ಕಿದ್ದನ್ನು ಓಣಿಯವರೆಲ್ಲ ಕೇಳಿದ್ದರು. ಈಗ ಅದೇ ಓಣಿಯವರು ಅದೇ ಮಾತನ್ನು ಎತ್ತಿಕೊಂಡು ನಗುತ್ತಿದ್ದಾರೆ ಎಂದು ಅವಳಿಗೆ ಅನಿಸತೊಡಗಿತು.

ಅನಿಸಿಕೆ ಪೂರ್ತಿ ಸುಳ್ಳೂ ಅಲ್ಲ. ಆ ವಾರ ಓಣಿಯಲ್ಲಿ ಒಂದು ಸೀಮಂತವಿತ್ತು. ಇಷ್ಟು ವರ್ಷ ಅರಿಶಿಣ ಕುಂಕುಮದ ಬಟ್ಟಲು ಮೊದಲು ಬರುತ್ತಿದ್ದದ್ದು ಸೂಗಮ್ಮನ ಮುಂದೆ. ಅವತ್ತು ಅದು ಗದಿಗೆಮ್ಮನ ಮುಂದೆ ಹೋಗಿ ನಿಂತಿತು. "ಬರ್ರಿ, ಬೈಪಾಸ್ ಗದಿಗೆಮ್ಮಾರ" ಎಂದು ಯಾರೋ ತಮಾಷೆ ಮಾಡಿ ಕುರ್ಚಿಯನ್ನೂ ಎಳೆದು ಕೊಟ್ಟರು. ಗದಿಗೆಮ್ಮ ಮುಜುಗರದಿಂದ, "ಅಕ್ಕಗ ಮೊದ್ಲು ಕೊಡ್ರಿ" ಎಂದಳು. ಸೂಗಮ್ಮನಿಗೆ ಕುರ್ಚಿಗಿಂತ, ಬಟ್ಟಲಿಗಿಂತ ಆ ಮಾತೇ ಹೆಚ್ಚು ಉರಿಸಿತು. ತನ್ನ ಜಾಗವನ್ನು ಅವಳು ತನಗೆ ದಾನ ಕೊಟ್ಟಂತಾಯಿತಲ್ಲ ಎಂದುಕೊಂಡಳು. ತಲೆನೋವು ಎಂದು ಹೇಳಿ ಊಟಕ್ಕೆ ನಿಲ್ಲದೆ ಮನೆಗೆ ಬಂದಳು.

ಎರಡು ದಿನ ಬಿಟ್ಟು ಗದಿಗೆಮ್ಮ ಹಸಿ ತೊಗರಿಕಾಯಿಯ ಗಂಟು ಹೊತ್ತು ಖಾನಾವಳಿಯ ಹಿಂಬಾಗಿಲಿಗೆ ಬಂದಳು. ಹೊಲದ ಮೊದಲ ಕಾಯಿ ಹಿರಿಯ ವಾರಗಿತ್ತಿಗೆ ತಂದುಕೊಡುವುದು ಅವಳ ಪದ್ಧತಿ.

"ರಸ್ತಾ ಆದ್ರ ಇಲ್ಲಿ ಗಿರಾಕಿ ಕಮ್ಮಿ ಆಗ್ತಾವಂತ ನಿನಗ ಚಿಂತಿ ಇರಬೇಕು ಅಕ್ಕಾ" ಎಂದಳು ಕಾಯಿ ಸುರಿಯುತ್ತ. "ಇವರೂ ಅದನ್ನ ಅನ್ನಾಕತ್ತಿದ್ರು. ನೀವೂ ಅಲ್ಲೇ ಬರ್ರಿ. ಹೊಲದ ಮೂಲಿಯೊಳಗ ಒಂದು ತಗಡಿನ ಪತ್ರಾಸ ಹಾಕಿದ್ರ ಒಲಿ ಹೂಡಾಕ ಜಾಗ ಆಗ್ತೈತಿ. ನಮ್ಮ ಹೊಲ ಬ್ಯಾರೆ, ನಿಮ್ಮದು ಬ್ಯಾರೆ ಏನು?"

"ನಮಗಿನ್ನೂ ಕೈ ಚಾಚೂ ಕಾಲ ಬಂದಿಲ್ಲವ್ವಾ" ಎಂದಳು ಸೂಗಮ್ಮ, ಕೈಯಲ್ಲಿದ್ದ ಉಂಡೆಯನ್ನು ಹಿಟ್ಟು ನಾದುವ ಕೊಣಮಿಗೆಗೆ ಬಡಿದು.

ಗದಿಗೆಮ್ಮನ ಮುಖ ಸಣ್ಣಗಾಯಿತು. ಖಾಲಿ ಚೀಲ ಮಡಿಚಿಕೊಂಡು ಹೋದಳು. ತೊಗರಿಕಾಯಿ ಸಂಜೆಯ ತನಕ ಅಲ್ಲೇ ಬಿದ್ದಿತ್ತು. ಕೊನೆಗೆ ವತ್ಸಲಾ ಅದನ್ನು ಬೇಯಿಸಿ ಗಿರಾಕಿಗಳಿಗೆ ಹಂಚಿದಳು. ಎಲ್ಲರೂ ಭಾಳ ಸವಿ ಐತಿ ಅಂದರು. ಸೂಗಮ್ಮ ಒಂದನ್ನೂ ಬಾಯಿಗೆ ಹಾಕಲಿಲ್ಲ.

ಬೈಪಾಸಿನ ಬಗ್ಗೆ ಊರವರ ಮಾತು ಕೇಳಲು ಅಧಿಕಾರಿ ಬಂದಾಗ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ರಸ್ತೆ ಬದಿಯ ಅಂಗಡಿಯವರೆಲ್ಲ ಮೊದಲೇ ಸೂಗಮ್ಮನನ್ನು ಮುಂದೆ ಕೂರಿಸಿದ್ದರು. ಮಾತಿನಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ತೆಲುಗಿನಲ್ಲೂ ಅವಳ ನಾಲಿಗೆ ಅಷ್ಟೇ ಚುರುಕು, ಅಧಿಕಾರಿಯ ಮುಂದೆ ಅದರಲ್ಲೇ ಮಾತಾಡಿದಳು.

"ಈ ರಸ್ತಾದ ಮ್ಯಾಲ ಪಂಕ್ಚರ್ ಅಂಗಡಿ ಐತ್ರಿ, ಚಹಾದಂಗಡಿ ಐತಿ, ಹೂವಿನವಳು ಅದಾಳ. ಲಾರಿ ಆ ಕಡಿ ಹೋದ್ರ ಇವರ ಒಲಿ ಆರ್ತಾವ. ಬೈಪಾಸ್ ಆದ ಊರುಗಳನ್ನ ಹೋಗಿ ನೋಡ್ರಿ ಸಾಹೇಬ್ರ, ಹಳೇ ಬಜಾರದಾಗ ನಾಯಿ ಮಲಗ್ಯಾವ" ಎಂದಳು. ಹೂವಿನವಳು ಕಣ್ಣೊರೆಸಿಕೊಂಡಳು. ಅವಳ ಕಣ್ಣೀರು ಸುಳ್ಳಲ್ಲ. ಸೂಗಮ್ಮ ಹೇಳಿದ್ದರಲ್ಲೂ ಸುಳ್ಳಿರಲಿಲ್ಲ.

ಆಮೇಲೆ ಕಲ್ಯಾಣಪ್ಪ ಎದ್ದ. ಮಾತು ಬಲ್ಲವನಲ್ಲ. ಟವೆಲು ಹಿಂಡುತ್ತ ನಿಂತ.

"ಒಲಿ ಆರಬಾರದು, ಖರೆ. ಅವರಿಗೆಲ್ಲ ಹೊಸ ರಸ್ತಾದ ಬಾಜೂಕ ಜಾಗ ಕೊಡ್ರಿ ಅಂತ ನಾವೂ ಕೇಳೋಣು. ಆದ್ರ ಈ ಸಾಲಿ ಹುಡುಗ್ರು ದಿನಾ ಹೆಂಗ ದಾಟ್ತಾರ ನೋಡೀರೇನ್ರಿ? ಹ್ವಾದ ಮಳೆಗಾಲದಾಗ ನಮ್ಮ ಸಾಲಿ ಮಾಸ್ತರರು ಟಿಪ್ಪರಿಗೆ ಸಿಕ್ಕಾಗ ಎಲ್ಲಾರೂ ಕೂಡಿ ಹೆಣ ಎತ್ತೀವಿ. ರಸ್ತಾ ಊರ ಹೊರಗ ಹೋಗಬೇಕು ಅಂತ ಅವತ್ತು ಎಲ್ಲಾರೂ ಅಂದೀವಿ."

ಅಂಗಳದಲ್ಲಿ ಕೆಲವರು ತಲೆಯಾಡಿಸಿದರು. ಸಭೆ ತನ್ನ ಕೈಯಿಂದ ಜಾರುತ್ತಿದೆ ಎಂದು ಸೂಗಮ್ಮನಿಗೆ ಗೊತ್ತಾಯಿತು. ಅವಳು ಕನ್ನಡಕ್ಕೆ ತಿರುಗಿದಳು.

"ಸಾಲಿ ಹುಡುಗ್ರ ಮ್ಯಾಲ ಇಷ್ಟು ಮಮತಾ ಹೊಲದಾಗ ಕಲ್ಲು ನೆಟ್ಟ ಮ್ಯಾಲ ಬಂತೇನಪಾ ಕಲ್ಯಾಣಿ? ನಿನ್ನ ಕಲ್ಲಿಗೆ ಬಂಗಾರದ ಬೆಲಿ ಬರಲಿ ಅಂತ ಊರಿನ ಹೊಟ್ಟಿ ಮ್ಯಾಲ ಹೊಡೀತಿಯಾ?"

ಕನ್ನಡ ತಿಳಿದವರು ನಕ್ಕರು, ತಿಳಿಯದವರಿಗೆ ಅವರು ತಿಳಿಸಿದರು. ಕಲ್ಯಾಣಪ್ಪ ಅತ್ತಿಗೆಯ ಕಡೆ ತಿರುಗಿದ. "ನೀವು ಹಿಂಗ ಅನಬಾರದಿತ್ತು ವೈನಿ" ಎಂದಷ್ಟೇ ಹೇಳಿ ಕುಳಿತುಬಿಟ್ಟ. ಅಧಿಕಾರಿ, ಊರವರೇ ಒಂದಾಗದಿದ್ದರೆ ತಾನೇನು ಮಾಡಲಿ, ಇನ್ನೊಮ್ಮೆ ಸೇರೋಣ ಎಂದು ಜೀಪು ಹತ್ತಿದ. ಆ ಜೀಪೂ ಬಸ್ ನಿಲ್ದಾಣದ ಹತ್ತಿರ ಬಹಳ ಹೊತ್ತು ನಿಂತಿತ್ತು.

ಮನೆಯಲ್ಲಿ ಅಮರೇಶಪ್ಪ ದುಡ್ಡಿನ ಗಲ್ಲೆಯ ಮುಂದೆ ಕುಳಿತು ಬಾಗಿಲ ಕಡೆ ನೋಡುತ್ತ ಕೇಳಿದ, "ಇವತ್ತು ನೀ ಮಾತಾಡಿದ್ದು ಊರಿಂದೇನು, ಹೊಟ್ಟೆಕಿಚ್ಚಿಂದೇನು?"

"ನಿಮಗ ತಮ್ಮ ಅಂದ್ರ ಹಾಲು ಉಕ್ಕತೈತಿ" ಎಂದಳು ಸೂಗಮ್ಮ. ಅವನು ಚಿಲ್ಲರೆ ಎಣಿಸತೊಡಗಿದ. ಅವರ ಸಂಸಾರದಲ್ಲಿ ಅವನು ಒಂದು ಪ್ರಶ್ನೆ ಕೇಳುವುದೇ ದೊಡ್ಡದು.

ಮುಂದಿನ ಸಂತೆಯ ದಿನ ಮಧ್ಯಾಹ್ನ ಹಾರನ್ನುಗಳು ಎದ್ದ ರೀತಿಯಲ್ಲೇ ಇವತ್ತು ದೊಡ್ಡದು ಎಂದು ಸೂಗಮ್ಮನಿಗೆ ಗೊತ್ತಾಯಿತು. ಸಂತೆಯ ಗಾಡಿಗಳು ಅರ್ಧ ರಸ್ತೆ ನುಂಗಿದ್ದವು. ಉಳಿದರ್ಧದಲ್ಲಿ, ಅವಳ ಬಾಗಿಲ ಮುಂದೆ ಎರಡು ಲಾರಿಗಳು ಪಕ್ಕಪಕ್ಕ ನಿಂತಿದ್ದವು. ಅವುಗಳ ಡ್ರೈವರುಗಳು ಒಳಗೆ ಉಣ್ಣುತ್ತಿದ್ದರು. ಒಬ್ಬ ಹುಮನಾಬಾದಿನವನು, ಹಳೆಯ ಗಿರಾಕಿ. ಇನ್ನೊಬ್ಬ ಅವನ ಹಿಂದೆಯೇ ಬಂದಿದ್ದ ಜಹೀರಾಬಾದಿನವನು. ಅಮರೇಶಪ್ಪ ಜೋಳ ತರಲು ಬೇಗಂ ಬಜಾರಿಗೆ ಹೋಗಿದ್ದ.

ಹಾರನ್ನುಗಳ ನಡುವೆ ಗದಿಗೆಮ್ಮ ಬಾಗಿಲಲ್ಲಿ ಬಂದು ನಿಂತಳು. ಸೆರಗು ಜಾರಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೊಲದ ಮಣ್ಣು ಮೊಣಕಾಲ ತನಕ ಹತ್ತಿತ್ತು.

"ಅಕ್ಕಾ, ಈ ಗಾಡಿ ತೆಗಿಸು. ಆಟೋ ಹಿಂದ ಸಿಕ್ಕೊಂಡೈತಿ. ಭಾಳ ಅವಸರ ಐತಿ ಅಕ್ಕಾ."

ಸೂಗಮ್ಮ ತಿರುಗಿ ನೋಡಿದಳು. ಅವಳಿಗೆ ಆ ಮುಖ ಕಂಡಿತು. ಅದನ್ನು ಮುಚ್ಚಿಟ್ಟು ಹೇಳಿದರೆ ಈ ಕಥೆಗೆ ಅರ್ಥವಿಲ್ಲ. ಅಂಥ ಮುಖ ಹೊತ್ತು ಯಾರೂ ಸೀರೆ ಕೊಳ್ಳಲು ಸಿಟಿಗೆ ಹೋಗುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಆದರೆ ಅದೇ ಕಣ್ಣಿಗೆ ಕುಂಕುಮದ ಬಟ್ಟಲೂ ಕಂಡಿತು, ಕುರ್ಚಿಯೂ ಕಂಡಿತು, ಬೈಪಾಸ್ ಬೇಕು ಎಂದು ಊರಿಗೆ ತೋರಿಸಲು ಇದೊಂದು ನಾಟಕವಿರಬಹುದೇ ಎಂಬ ಸಣ್ಣ ಯೋಚನೆಯೂ ಬಂದು ಕುಳಿತಿತು.

"ಉಣ್ಣಾಕ ಕುಂತವರನ್ನ ಎಬ್ಬಿಸಂಗಿಲ್ಲ" ಎಂದಳು ಒಲೆಯ ಕಡೆ ತಿರುಗಿ. "ಈ ಮನಿ ಸೊಸಿ ನೀನೂ. ಗೊತ್ತಿಲ್ಲೇನು ನಿನಗ?"

ಗದಿಗೆಮ್ಮ ಏನೋ ಹೇಳಲು ಬಾಯಿ ತೆರೆದವಳು, ಹಿಂದಿನಿಂದ ಆಟೋದವನು ಕೂಗಿದ್ದನ್ನು ಕೇಳಿ ಬಂದ ಹಾಗೆಯೇ ಓಡಿದಳು. ಹುಮನಾಬಾದಿನವನು ಕೈ ನಿಲ್ಲಿಸಿ, "ಏನರೆ ಆಗೈತೇನವ್ವಾ?" ಎಂದು ಕೇಳಿದ.

"ಏನಿಲ್ಲ, ಉಣ್ಣಪಾ" ಎಂದು ಸೂಗಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಕೇಳಿರಲಿಲ್ಲ. ಮೇಲೆ ಶೇಂಗಾ ಚಟ್ನಿಯನ್ನೂ ಹಾಕಿದಳು.

ಆ ರೊಟ್ಟಿ ಮುಗಿಯುತ್ತ ಬಂದಿತ್ತು, ನೀರು ತರಲು ಹೊರಗೆ ಹೋಗಿದ್ದ ವತ್ಸಲಾ ಕೊಡ ಬಿಟ್ಟು ಓಡಿ ಬಂದಳು.

"ಅಕ್ಕಾರ, ನಿಮ್ಮ ಮೈದುನರಿಗೆ ಲಕ್ವಾ ಹೊಡದೈತ್ರಿ. ಬಾಯಿ ಸೊಟ್ಟ ಆಗೈತಿ. ಆಟೋದಾಗ ಮಲಗಿಸ್ಯಾರ."

ಡ್ರೈವರುಗಳಿಬ್ಬರೂ ಒಟ್ಟಿಗೆ ಎದ್ದರು. ಕೈ ತೊಳೆಯಲಿಲ್ಲ. ಗಾಡಿ ತೆಗೆಯಲು ಹೋದರು, ಆದರೆ ಅಷ್ಟರಲ್ಲಿ ಎದುರಿನಿಂದ ಬಂದ ಬಸ್ಸು ಲಾರಿಗಳ ಮೂತಿಗೆ ಮೂತಿ ಹಚ್ಚಿ ನಿಂತಿತ್ತು. ಹುಮನಾಬಾದಿನವನು ಚಹಾದಂಗಡಿಯ ಬೆಂಚನ್ನು ಎತ್ತಿಕೊಂಡು ಹೋದ. ಕಲ್ಯಾಣಪ್ಪನನ್ನು ಅದರ ಮೇಲೆ ಮಲಗಿಸಿ, ನಾಲ್ಕು ಜನ ಹೆಗಲು ಕೊಟ್ಟು, ಲಾರಿಗಳ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತ ಊರ ಆಚೆಗೆ ಒಯ್ದರು. ಗದಿಗೆಮ್ಮ ಗಂಡನ ಕಾಲು ಹಿಡಿದು ಹಿಂದೆ ಓಡುತ್ತಿದ್ದಳು. ಸೂಗಮ್ಮನೂ ಓಡಿದಳು. ಆಚೆಯ ತುದಿಯಲ್ಲಿ ಒಂದು ಕಾರಿನವರು ಅವರನ್ನು ಹತ್ತಿಸಿಕೊಂಡರು. ಸೂಗಮ್ಮನಿಗೆ ಅದರಲ್ಲಿ ಜಾಗವಿರಲಿಲ್ಲ.

ಹುಮನಾಬಾದಿನವನು ಬೆಂಚನ್ನು ಹೊತ್ತು ಮರಳುತ್ತ ಅವಳ ಹತ್ತಿರ ನಿಂತ. ಅವನ ಬೆರಳುಗಳಲ್ಲಿ ಪಲ್ಯ ಒಣಗಿತ್ತು.

"ಆ ತಾಯಿ ಬಂದಾಗನ ಹೇಳಬಾರದೇನವ್ವಾ? ನಾವು ಏಳ್ತಿದ್ವಿ" ಎಂದ. ಬೈಗುಳದ ದನಿಯಲ್ಲ. ಕೇಳಿದ, ಅಷ್ಟೇ.

ಅಮರೇಶಪ್ಪ ಬೇಗಂ ಬಜಾರಿನಿಂದ ಸೀದಾ ಆಸ್ಪತ್ರೆಗೆ ಹೋದ. ಸಿಕಂದರಾಬಾದಿನ ರೈಲ್ವೆ ಆಫೀಸಿನಲ್ಲಿದ್ದ ಅವರ ಮಗ ಮಹೇಶಕುಮಾರನೂ ಹೋದ. ಸಂಜೆಗೆ ಅವನೇ ಫೋನು ಮಾಡಿದ. "ಜೀವಕ್ಕೇನೂ ಅಪಾಯ ಇಲ್ಲವ್ವಾ. ಬಲಗೈ ಬಿದ್ದೈತಿ, ಮಾತು ತೊದಲತೈತಿ. ಸ್ವಲ್ಪ ಮೊದಲು ತಂದಿದ್ರ ಇಂಜೆಕ್ಷನ್ ಕೊಡಬಹುದಿತ್ತು ಅಂದ್ರು ಡಾಕ್ಟರು. ಆ ಟ್ರಾಫಿಕ್‌ನಾಗ ಯಾರೇನು ಮಾಡಾಕ ಆಗ್ತೈತಿ."

ಯಾರೇನು ಮಾಡಲು ಆಗುತ್ತದೆ. ಸೂಗಮ್ಮ ಫೋನು ಇಟ್ಟು ಅಡಿಗೆಮನೆಗೆ ಬಂದಳು. ಎರಡು ತಾಟುಗಳು ಇನ್ನೂ ಎತ್ತದೆ ಬಿದ್ದಿದ್ದವು. ಒಂದರಲ್ಲಿ ತಾನು ಹಾಕಿದ ಆ ಕೊನೆಯ ರೊಟ್ಟಿಯ ತುಣುಕು ಉಳಿದಿತ್ತು. ಅವಳಿಗೆ ಅದನ್ನು ಎತ್ತಲಾಗಲಿಲ್ಲ. ಕೊನೆಗೆ ವತ್ಸಲಾ ಬಂದು ತೊಳೆದಳು.

ಗದಿಗೆಮ್ಮ ಊರಿಗೆ ಬಂದ ಮೇಲೆ ಎಲ್ಲರಿಗೂ ಹೇಳುತ್ತಾಳೆ, ಊರು ತನ್ನ ಮುಖಕ್ಕೆ ಉಗಿಯುತ್ತದೆ ಎಂದು ಸೂಗಮ್ಮ ಕಾದಳು. ದಿನ ಕಳೆದವು, ಕಲ್ಯಾಣಪ್ಪ ಮನೆಗೆ ಬಂದ, ಯಾರೂ ಏನೂ ಅನ್ನಲಿಲ್ಲ. ಗದಿಗೆಮ್ಮ ಬಾಯಿ ಬಿಟ್ಟಿರಲಿಲ್ಲ. ಹೊಟ್ಟೆಕಿಚ್ಚು ಎಂಥ ವಿಚಿತ್ರದ ಬೇನೆ ನೋಡಿ, ಸೂಗಮ್ಮನಿಗೆ ಈಗ ಆ ಸುಮ್ಮನಿರುವಿಕೆಯ ಮೇಲೂ ಹೊಟ್ಟೆಕಿಚ್ಚಾಯಿತು. ಇಲ್ಲಿಯೂ ಅವಳೇ ದೊಡ್ಡವಳಾದಳಲ್ಲ ಎಂದು ಒಳಗೊಳಗೇ ಕುದಿದಳು. ಕುದಿದು ಕುದಿದು ಒಂದು ದಿನ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಡಬ್ಬಿ ಹಿಡಿದು ಕೆರೆಯ ಆಚೆ, ಹೊಲದಲ್ಲೇ ಮೈದುನ ಕಟ್ಟಿಕೊಂಡಿದ್ದ ಮನೆಗೆ ಹೋದಳು.

ಕಲ್ಯಾಣಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಎಡಗೈಯಲ್ಲಿ ಉಣ್ಣಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ. ಗದಿಗೆಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅತ್ತಿಗೆಯನ್ನು ಕಂಡು ಅವನು ಎದ್ದು ನಿಲ್ಲಲು ನೋಡಿದ. "ವೈ…ನಿ" ಎಂದ. ಒಂದು ಶಬ್ದಕ್ಕೆ ಅವನ ಹಣೆ ಬೆವೆತಿತು. ಸೂಗಮ್ಮ ಡಬ್ಬಿ ಇಟ್ಟು ಹಿತ್ತಿಲಿಗೆ ಹೋದಳು. ಗದಿಗೆಮ್ಮ ಕೈ ತೊಳೆದು ಹಿಂದೆ ಬಂದಳು.

"ಅವತ್ತ ನನಗ ಗೊತ್ತಿರಲಿಲ್ಲ ತಂಗಿ" ಎಂದಳು ಸೂಗಮ್ಮ.

"ಗೊತ್ತಿತ್ತು" ಎಂದಳು ಗದಿಗೆಮ್ಮ. ದನಿ ಏರಿಸಲಿಲ್ಲ. "ಲಕ್ವಾ ಅಂತ ಗೊತ್ತಿರಲಿಲ್ಲ, ಖರೆ. ಆದ್ರ ಏನೋ ಆಗೈತಿ ಅಂತ ಗೊತ್ತಾಗಿತ್ತು. ನನ್ನ ಮಾರಿ ನೋಡಿದ್ದಿ ನೀ."

ಸೂಗಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಹೊಟ್ಟೆಕಿಚ್ಚು ನನಗೇನು ಇರಲಿಲ್ಲಂತ ತಿಳದೀಯೇನು ಅಕ್ಕಾ? ಇಷ್ಟು ವರ್ಷ ಕಲ್ಲು ಆರಿಸಿ ಆರಿಸಿ ಉಗುರು ಸವದಾವ ನನ್ನವು. ಸಂಜೀಕ ಬಜಾರಕ್ಕ ಹೊಂಟು ನಿನ್ನ ಬಾಗಲ ಮುಂದಿಂದ ಹಾಯ್ದು ಹೋಗುವಾಗ, ನೀ ನೆರಳಾಗ ಕುಂತು ರೊಟ್ಟಿ ಬಡಿಯೂದು ನೋಡಿದ್ರ ನನ್ನ ಹೊಟ್ಟಿ ಉರೀತಿತ್ತು. ಉರೀಲಿ ಬಿಡು, ಮನಷ್ಯಾರು ಅಂದ ಮ್ಯಾಲ ಉರೀತೈತಿ. ಆದ್ರ ಮೊದಲ ಕಾಯಿ ನಾ ನಿನಗ ತಂದು ಕೊಟ್ಟೀನಿ. ಅವತ್ತೂ ಎಲ್ಲಾ ಬಿಟ್ಟು ನಿನ್ನ ಬಾಗಲಿಗೆ ಬಂದೆ. ಊರಾಗ ನನ್ನವರು ಅಂತ ಮತ್ತ ಯಾರ ಬಾಗಲಿಗೆ ಹೋಗಲಿ ನಾ?"

ಮಾತಿನಲ್ಲಿ ಮೀರಿಸುವವರಿಲ್ಲ ಎಂದು ಊರು ಅನ್ನುತ್ತಿದ್ದ ಸೂಗಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಗದಿಗೆಮ್ಮ ಸಮಾಧಾನ ಮಾಡಲಿಲ್ಲ. ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿಟ್ಟು, ಗಂಡನಿಗೆ ಉಣ್ಣಿಸಲು ಒಳಗೆ ಹೋದಳು.

ಅಧಿಕಾರಿ ಎರಡನೆಯ ಸಲ ಬಂದಾಗ ಶಾಲೆಯ ಅಂಗಳ ಮತ್ತೆ ತುಂಬಿತು. ಅಂಗಡಿಯವರು ಮತ್ತೆ ಸೂಗಮ್ಮನನ್ನೇ ಮುಂದೆ ಕೂರಿಸಿದರು. ಅವಳು ಎದ್ದಾಗ ಹೂವಿನವಳು ಆಸೆಯಿಂದ ಮುಖ ಎತ್ತಿದಳು. ಸೂಗಮ್ಮ ಆ ಮುಖದಿಂದ ಕಣ್ಣು ತೆಗೆದು ಅಧಿಕಾರಿಯ ಕಡೆ ತಿರುಗಿದಳು.

"ರಸ್ತಾ ಊರ ಹೊರಗ ಹೋಗ್ಲಿ" ಎಂದಳು.

ಗುಜುಗುಜು ಎದ್ದಿತು. ಪಂಕ್ಚರ್ ಅಂಗಡಿಯವನು, "ಹೋದ ಸಲ ಬ್ಯಾಡ ಅಂದಾಕಿ ನೀನ ಅಲ್ಲೇನು?" ಎಂದು ಕೇಳಿದ.

"ನಾನ. ಹ್ವಾದ ಸಲ ನಿಮ್ಮ ಒಲಿ ಹೆಸರು ಹೇಳಿದ್ದೆ. ಉರಿಯಾಕತ್ತಿದ್ದು ನನ್ನ ಹೊಟ್ಟಿ. ನನ್ನ ಮೈದುನ ಉದ್ಧಾರ ಆಗಬಾರದು ಅಂತ ಮಾತಾಡಿದ್ದೆ. ಅವತ್ತು ಅವ ಹೇಳಿದ್ದು ಸರಿ ಇತ್ತು. ಈಗ ಅವಗ ಹೇಳಾಕ ಬಾಯಿ ಬರಂಗಿಲ್ಲ, ಅದಕ್ಕ ಅವನ ಮಾತು ನಾ ಹೇಳ್ತೀನಿ. ರಸ್ತಾ ಹೊರಗ ಹೋಗ್ಲಿ, ಇವರೆಲ್ಲಾರಿಗೂ ಅದರ ಬಾಜೂಕ ಜಾಗ ಸಿಗಲಿ. ಜಾಗ ಸಿಗೂ ತನಕ ನಾ ಇವರ ಜೋಡಿ ನಿಮ್ಮ ಆಫೀಸಿನ ಬಾಗಲದಾಗ ಬಂದು ಕುಂದರತೀನಿ ಸಾಹೇಬ್ರ. ನಂಗ ಕುಂದ್ರಾಕ ಬರ್ತೈತಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಂಕ್ಚರ್ ಅಂಗಡಿಯವನು ಮುಖ ತಿರುಗಿಸಿದ. ಹೂವಿನವಳು ಮಾತ್ರ, ಜಾಗದ ಮಾತು ಮರೆಯಬೇಡ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು. ಸೂಗಮ್ಮ ತಲೆಯಾಡಿಸಿ ಖಾನಾವಳಿಗೆ ನಡೆದಳು. ಮಧ್ಯಾಹ್ನದ ಊಟದ ಹೊತ್ತಾಗಿತ್ತು.

ರಸ್ತೆ ಎಂದರೆ ನಾಳೆಗೇ ಆಗುವುದಲ್ಲ. ಹಾರನ್ನುಗಳು ಅವತ್ತೂ ಎದ್ದವು. ಬಾಗಿಲ ಮುಂದೆ ಎರಡು ಲಾರಿ ಪಕ್ಕಪಕ್ಕ ನಿಂತಿದ್ದವು, ಒಳಗೆ ಎಲ್ಲ ಬೆಂಚೂ ತುಂಬಿತ್ತು. ಹುಮನಾಬಾದಿನವನೂ ಇದ್ದ, ಈಗಷ್ಟೇ ಮೊದಲ ತುತ್ತು ಮುರಿದಿದ್ದ. ಸೂಗಮ್ಮ ಎಸರು ಇಡಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡು ಅವನ ಮುಂದೆ ಹೋಗಿ ನಿಂತಳು.

"ಏಳಪಾ. ಗಾಡಿ ತಗದು ಆ ಕಡಿ ಬಯಲಾಗ ಹಚ್ಚಿ ಬಾ."

ಅವನು ತುತ್ತು ಹಿಡಿದು ನೋಡಿದ. "ಯಾರಿಗೇನಾಗೈತವ್ವಾ?"

"ನನಗೇನು ಗೊತ್ತು? ಹಿಂದ ಯಾರ ಅದಾರೋ. ಏಳು. ನೀನೂ ಏಳಪಾ" ಎಂದು ಪಕ್ಕದವನ ತಾಟಿಗೂ ಕೈ ಹಾಕಿದಳು. "ತಾಟು ಮುಚ್ಚಿ ಇಟ್ಟಿರ್ತೀನಿ. ಬಂದ ಮ್ಯಾಲ ಬಿಸಿ ರೊಟ್ಟಿ ಹಾಕ್ತೀನಿ."

ಇಬ್ಬರೂ ಎದ್ದು ಹೊರಗೆ ಹೋದರು. ಲಾರಿಗಳು ಗುಡುಗಿ ಕದಲಿದವು. ನಿಂತಿದ್ದ ಸಾಲು ಒಂದೊಂದಾಗಿ ಹರಿಯಿತು, ಒಂದು ಬಸ್ಸು, ಹಿಂದೆ ಹುಲ್ಲಿನ ಟ್ರ್ಯಾಕ್ಟರು, ಅದರ ಹಿಂದೆ ಪರದೆ ಎಳೆದ ಒಂದು ಆಟೋ. ಆಟೋದಲ್ಲಿ ಯಾರಿದ್ದರು ಎಂದು ಸೂಗಮ್ಮನಿಗೆ ಕಾಣಲಿಲ್ಲ. ಅವಳು ಎರಡು ತಾಟುಗಳ ಮೇಲೆ ಎರಡು ತಾಟು ಕವುಚಿ ಇಟ್ಟಳು. ವತ್ಸಲಾ ಬಾಯಿ ತೆರೆದು ನೋಡುತ್ತಿದ್ದಳು.

ಹುಮನಾಬಾದಿನವನು ಬಂದು ಮತ್ತೆ ಕುಳಿತ. ಮುಚ್ಚಿದ ತಾಟು ತೆಗೆಯುತ್ತ, "ಅವ್ವಾ, ಉಣ್ಣಾಕ ಕುಂತವರನ್ನ ಎಬ್ಬಿಸಬಾರದು ಅಂತಿದ್ದಿ" ಎಂದ.

"ಅಂತಿದ್ದೆ" ಎಂದಳು ಸೂಗಮ್ಮ. ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು. ಅದನ್ನು ಎತ್ತಿ ಅವನ ತಾಟಿಗೆ ಹಾಕಿದಳು.